ವಿದ್ಯಾರ್ಥಿಗಳ ಚಟುವಟಿಕೆ

ಬಸರಾಳಿನ ಬಸ್ಸಲ್ಲಿ ಕಂಡಕ್ಟರು ಕೈಚಾಚಿದಾಗ
ಅಭ್ಯಾಸಬಲದಿಂದ ತೋರಿಸಿದ್ದು ಹಳೇ ಸ್ಟೂಡೆಂಟ್ ಪಾಸು.
'ಇದ್ರು ಕಾಲ ಮುಗೀತು ಕಣಪ್ಪ.'
ಟಿಕೆಟ್ಟು ಕೊಂಡೆ.
ಮುಂದೆ ಕಬ್ಬಿನ ಲಾರಿ, ಮೂರು ಮೈಲಿ ದಾರಿ ಬಿಡಲಿಲ್ಲ.

ಬಿ.ಎಡ್ಡಿನ ಎರಡು ವರ್ಷ ಸ್ಕೇಲು ಹಿಡಿದು ಗೆರೆ ಎಳೆದಿದ್ದೆ:
ಎಡಕ್ಕೆ ಶಿಕ್ಷಕರ ಚಟುವಟಿಕೆ, ಬಲಕ್ಕೆ ವಿದ್ಯಾರ್ಥಿಗಳದು.
ಬಲಗಡೆ ಯಾವಾಗಲೂ ಒಂದೇ ಸಾಲು,
'ಗಮನವಿಟ್ಟು ಆಲಿಸುವರು.'

ಏಳನೇ ತರಗತಿಯ ಹಾಜರಿ ಪುಸ್ತಕದಲ್ಲಿ
ಜೂನಿನಿಂದೀಚೆಗೆ ಮೂರು ಬಗೆಯ ಕೈಬರಹ;
ನಾಲ್ಕನೆಯದು ನನ್ನದು, ಕೊಂಚ ನಡುಗಿದ್ದು.
'ಪುಟ್ಟಲಿಂಗ?'
ಕಿಟಕಿ ಪಕ್ಕದವನು ಕಬ್ಬಿನ ತುಂಡು ಜೇಬಿಗಿಳಿಸಿ ಎದ್ದ.
ಯಸ್ಸಾ ಅನ್ನಲಿಲ್ಲ.
'ಸಾ, ನೀವೂ ಹೊಂಟೋಯ್ತೀರಾ?'

ಎಡಗಡೆ ಏನು ಬರೆಯುವುದೋ ಗೊತ್ತಾಗಲಿಲ್ಲ.
ಆದೇಶ ಮಾರ್ಚಿಯವರೆಗೆ,
ಅದರಲ್ಲಿ ನನ್ನ ಹೆಸರಿಗೂ ಮುಂಚೆ
'ಅತಿಥಿ' ಅಂತಿದೆ.

ಭಿನ್ನರಾಶಿ ತೆಗೀರಿ ಅಂದೆ.
ಬೋರ್ಡಿನ ಮೇಲೊಂದು ಕಬ್ಬಿನ ಜಲ್ಲೆ,
ನಾಲ್ಕು ಜನಕ್ಕೆ ಸಮಪಾಲು.
'ಐದು ಮಾಡಿ ಸಾ,' ಅದೇ ದನಿ,
'ನಿಮ್ಗೆ ಬ್ಯಾಡ್ವಾ?'

ಅಳಿಸಿ ಮತ್ತೆ ಗೆರೆ ಎಳೆಯಲು ಹೋದೆ.
ಎಲ್ಲಿ ಕತ್ತರಿಸಿದರೂ
ಒಂದು ಗೆಣ್ಣು ಅಡ್ಡ ಬರುತ್ತಿತ್ತು.