ಮಾಳಿಗಿ ಮ್ಯಾಲಿನ ಮಾತು

ನಮ್ಮ ಮನಿ ಗ್ವಾಡಿ ಎರಡೂವರಿ ಮೊಳ ದಪ್ಪ.
ಮಾವನ ಅಜ್ಜ ದರೋಡಿಗೆ ಅಂಜಿ ಕಟ್ಟಿಸಿದ್ದು.
ಕಳ್ಳರು ಬರಲಿಲ್ಲ.
ಈಗ ರೇಂಜೂ ಬರೂದಿಲ್ಲ.

ಅಡಗಿಮನ್ಯಾಗ ಒಂದ ಕಡ್ಡಿ,
ಅದೂ ರೊಟ್ಟಿ ಹಂಚಿನ ಹೊಗಿಯಂಗ ಎದ್ದು ಹೋಗತೈತಿ.
ಅದಕ್ಕ ಉಮದ್ಯಾಗ ಯಾರೇ ಮಾತಾಡಬೇಕಂದ್ರೂ
ನಿಚ್ಚಣಿಕಿ ಏರಬೇಕು.
ಮೂಡಲ ಮೂಲಿಗೆ ನಿಂತು
ಒಂದು ಕಾಲು ಬೆಳಕಿಂಡಿ ಕಟ್ಟಿ ಮ್ಯಾಲಿಟ್ಟರ ಚಡಚಣದ ಟಾವರು,
ಪಡುವಲಕ್ಕ ನಾಕ ಹೆಜ್ಜಿ ಸರದರ ಜತ್ತಿಂದು.
ಅಲ್ಲಿ ಒಬ್ಬಾಕಿ ಕನ್ನಡದಾಗ, ಇಲ್ಲಿ ಒಬ್ಬಾಕಿ ಮರಾಠ್ಯಾಗ
ಹೇಳೂದು ಒಂದ:
ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಸಂಜೀಕ ಊರ ತುಂಬ ಮಾಳಿಗಿ ಮ್ಯಾಲೆ ಮಂದಿ,
ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಒದರಾಕತ್ತಿರತಾರ.
ದುಂಡವ್ವನ ಸೊಸಿ ಮುನಿಸು, ಬೇದಾಣಿ ದರ,
ಯಾರ ಸಾಲ ಯಾರ ಕಡಿ,
ಎಲ್ಲಾ ಎಲ್ಲಾರಿಗೂ ಗೊತ್ತು.

ಮಿರಜದಿಂದ ಚೀಟಿ ತಂದ ದಿನ ನಾನೂ ಏರಿದೆ.
ಎತ್ತಿದ ಕೂಡಲೆ ಮೈನಕ್ಕ, "ಏನಂದ್ರ?" ಅಂದ್ಲು.
ಬಾಜೂ ಮಾಳಿಗ್ಯಾಗ ಶಿದಗೊಂಡ
ದ್ರಾಕ್ಷಿ ದಲಾಲನ ಜೋಡಿ ಜಗಳಾಡಾಕತ್ತಿದ್ದ,
ಕಿವಿ ಮಾತ್ರ ನನ್ನ ಕಡಿ.

"ಎಡಗಡಿ ಹೊಲದಾಗ ಒಂದು ಗಂಟು, ಅಕ್ಕಾ."

ಸುಮ್ಮಕಾದ್ಲು. ಕಟ್ಟಾತೇನು ಅಂತ ಫೋನ್ ನೋಡಿದೆ.
ಇಲ್ಲ, ನಾಕೂ ಕಡ್ಡಿ ನಿಂತಿದ್ದುವು.

"ಎಷ್ಟು ದೊಡ್ಡದು?"
"ಕಡ್ಲಿಕಾಳಷ್ಟು."
"ಬ್ಯಾನಿ ಐತೇನು ಹೊಲಕ್ಕ?"
"ಇಲ್ಲ. ಅದಕ್ಕ ಅಂಜಿಕಿ."

ಶಿದಗೊಂಡ ದಲಾಲನ್ನ ತಡದು ನನಗಂದ:
"ವೈನಿ, ಬೇವಿನೆಣ್ಣಿ ಹೊಡೀರಿ,
ನಮ್ಮ ಹೊಲಕ್ಕೂ ಹಂಗ ಆಗಿತ್ತು."
ಹೂಂ ಅಂದೆ.
ಅಕ್ಕ ಆ ಕಡೆ ನಕ್ಕಂಗಾತು.
ನಗಿ ಹೌದೋ ಅಲ್ಲೋ, ಗಾಳಿ ಬಾಳಿತ್ತು.

ರಾತ್ರಿ ಬಾಗಲಾ ಹಾಕಿ
ದೀಪದ ಮಾಡದಾಗ ಫೋನಿಟ್ಟೆ. ಒಂದೂ ಕಡ್ಡಿ ಇಲ್ಲ.
ಅದಕ್ಕ ಬಾಯಿ ಹಚ್ಚಿ, ಹೊಲ ಅನ್ನಲಾರದ,
ಎಲ್ಲೈತಿ, ಯಾವತ್ತು ಜಳಕದಾಗ ಕೈಗೆ ಹತ್ತಿತು,
ಇವರಿಗೆ ಇನ್ನೂ ಯಾಕ ಹೇಳಿಲ್ಲ,
ಎಲ್ಲಾ ಹೆಸರು ಹಿಡಿದು ಹೇಳಿದೆ.
ಎರಡೂವರಿ ಮೊಳದ ಗ್ವಾಡಿ.
ಒಂದು ಮಾತೂ ಹೊರಗ ದಾಟಲಿಲ್ಲ.

ಮುಂಜಾನೆ ಜ್ವಾಳ ಹರವಾಕ ಏರಿದಾಗ
ಸೊಂಟದಾಗ ಸಿಗಿಸಿದ ಫೋನ್ ಮೂರು ಸಲ ನಡಗಿತು:
ರಾತ್ರಿ ಒಂಬತ್ತು ಹತ್ತಕ್ಕ ಮೈನಕ್ಕ,
ಒಂಬತ್ತು ಹನ್ನೆರಡಕ್ಕ ಮೈನಕ್ಕ,
ಒಂಬತ್ತೂವರಿಗೆ.

ಕೆಳಗ ಚಡಚಣದ ಮೊದಲ ಬಸ್ಸು ಬಂದು ಹೋಗಿತ್ತು.
ಧೂಳಿನಾಗ ಒಬ್ಬಾಕಿ ತಲಿ ಎತ್ತಿ ನಿಂತಿದ್ಲು,
ಕೈಯಾಗ ಚೀಲ.
ಫೋನ್ ಕಿವಿಗೆ ಇರಲಿಲ್ಲ.

"ಇಳಿ," ಅಂದ್ಲು.