ಒಂದಕ್ಷರದ ತಕರಾರು

ಒಮಾಹಾದ ಆರನೆಯ ಮಹಡಿಯಲ್ಲಿ
ನನ್ನ ಕೆಲಸ ಕಾಗದ ಓದುವುದು.
ಒಂದಕ್ಕೆ ನಾಲ್ಕು ನಿಮಿಷ.
ಓದಿ ಒಂದು ಅಂಕಿ ಒತ್ತಬೇಕು:
ಒಂದು ಅಂದರೆ 'ಸಾಲ ನನ್ನದಲ್ಲ',
ಎರಡು ಅಂದರೆ 'ತೀರಿಸಿದ್ದೇನೆ',
ಹೀಗೇ ಹೋಗಿ ಏಳು ಅಂದರೆ 'ಇತರೆ'.
ಇತರೆ ಒತ್ತುವವರನ್ನು ಮಾರ್ವೆಲಾ
ಶುಕ್ರವಾರ ಒಳಗೆ ಕರೆಯುತ್ತಾಳೆ.

ಫೆಬ್ರವರಿಯಲ್ಲಿ ಸೀಡರ್ ರ‍್ಯಾಪಿಡ್ಸಿನಿಂದ
ಒಂದು ದಪ್ಪ ಲಕೋಟೆ.
ಕೈಬರಹ, ಹನ್ನೊಂದು ಪುಟ,
ಮೊದಲ ಪುಟಕ್ಕೆ ಪಿನ್ನು ಹೊಡೆದ
ಬೆರಳಗಲದ ಕೆಂಪು ರೆಕ್ಸಿನ್ ತುಂಡು.

'ನಾನು ಮಾಡುವ ಕೆಲಸ ಇದು.
ಹೋಟೆಲಿನ ಬೆಂಚು, ಹಲ್ಲಿನ ಡಾಕ್ಟರ ಕುರ್ಚಿ,
ಚರ್ಚಿನಲ್ಲಿ ಮಂಡಿಯೂರುವ ದಿಂಬು.
ಹೆಸರು ವ್ಲಾಸ್ತಾ ಕುಬಿಚೆಕ್. ಅಂಗಡಿ ಕುಬಿಚೆಕ್ ಸೀಟ್.
ನಿಮ್ಮ ವರದಿಯ ಪ್ರಕಾರ ನಾನು
ಕಾನ್ಸಾಸಿನಲ್ಲಿ ಜೋಳದ ಬೀಜ ಮಾರಿ ಮುಳುಗಿದ್ದೇನೆ,
ನನ್ನ ಮೇಲೆ ಡಿಕ್ರಿ ಇದೆ,
ನಾನು ಕಣ್ಣಾರೆ ಕಾಣದ ಕಟಾವು ಯಂತ್ರ ಜಪ್ತಿಯಾಗಿದೆ.
ಆತ ಕುಬಿಚೆಕ್ ಸೀಡ್.
ನನ್ನದರ ಮೇಲೆ ಕೂರುತ್ತಾರೆ ಸ್ವಾಮಿ,
ಯಾರೂ ಬಿತ್ತುವುದಿಲ್ಲ.'

ಬಾಯಲ್ಲೇ ಹೇಳಿ ನೋಡಿದೆ. ಟ. ಡ.
ನಾಲಿಗೆ ಅದೇ ಜಾಗ ಮುಟ್ಟುತ್ತದೆ,
ಗಂಟಲು ಮಾತ್ರ ಒಮ್ಮೆ ಸುಮ್ಮನಿದ್ದು
ಒಮ್ಮೆ ಗುನುಗುತ್ತದೆ.
ಅಷ್ಟು ಗುನುಗಿಗೆ
ರೆಕ್ಸಿನ್ ವ್ಯಾಪಾರಿ ಉದ್ರಿ ನಿಲ್ಲಿಸಿದ,
ಹೊಲಿಗೆ ಯಂತ್ರದ ಸಾಲಕ್ಕೆ ಬ್ಯಾಂಕು
ತಲೆಯಾಡಿಸಿತು, ಅಡ್ಡಡ್ಡ,
ನಲವತ್ತು ಶಾಲಾ ಬಸ್ಸುಗಳ ಸೀಟಿನ ಗುತ್ತಿಗೆ
ಬೇರೆಯವರ ಪಾಲಾಯಿತು.
ಜ್ವರ ಯಾವ ಎತ್ತಿಗೋ, ಬರೆ ಈ ಎಮ್ಮೆಗೆ.

ಇದು ಅವಳ ನಾಲ್ಕನೆಯ ಕಾಗದ.
ಮೂರಕ್ಕೂ ನಾವು ಉತ್ತರಿಸಿದ್ದೆವು:
'ಪರಿಶೀಲಿಸಲಾಗಿದೆ. ಮಾಹಿತಿ ಸರಿಯಿದೆ.'
ಪರಿಶೀಲನೆ ಅಂದರೆ, ಹೇಳಿಯೇಬಿಡುತ್ತೇನೆ,
ತಪ್ಪು ಕಳಿಸಿದವರನ್ನೇ
ತಪ್ಪಾಯಿತೇ ಎಂದು ಕೇಳುವುದು.
ಮನುಷ್ಯರ ತಕರಾರಿಗೆ ಮೂವತ್ತು ದಿನದ ಕಾಯಿದೆ ಉಂಟು.
ಅಂಗಡಿಗಳಿಗೆ ಅದೂ ಇಲ್ಲ.
ಅಂಗಡಿಗೆ ನಿದ್ದೆ ಕೆಡುವುದಿಲ್ಲ ಎಂದು
ಕಾಯಿದೆ ಬರೆದವರ ಲೆಕ್ಕ.

ಆಗಲೇ ಐದನೆಯ ನಿಮಿಷ. ಒಂಬತ್ತನೆಯ ಪುಟ:
'ನಿಮ್ಮ ಪಟ್ಟಿಯ ಕೊನೆಯ ಸಾಲು,
ಫೋಮ್ ಕಂಪನಿಗೆ ಇಪ್ಪತ್ತೆರಡು ದಿನ ತಡ.
ಆ ಕಂಪನಿ ಈಗ ಬಾಗಿಲು ಹಾಕಿದೆ.
ಸುಳ್ಳು ಎಂದರೆ ಅಲ್ಲವೆನ್ನಲು ಯಾರೂ ಉಳಿದಿಲ್ಲ,
ಅಳಿಸಿಹಾಕುತ್ತಾರೆ ಎಂದ ನನ್ನ ವಕೀಲ.
ಆದರೆ ಅದು ನಿಜ.
ಆ ತಿಂಗಳು ತಮ್ಮ ಬೋಹುಮಿಲ್ ಆಸ್ಪತ್ರೆಯಲ್ಲಿದ್ದ,
ಬರೆದ ಚೆಕ್ಕನ್ನು ಕೋಟಿನ ಜೇಬಲ್ಲೇ ಮರೆತೆ.
ಅದನ್ನು ಹಾಗೇ ಬಿಡಿ.
ಅದು ನನ್ನದು.'

ಅಂಕಿಗಳನ್ನು ಮತ್ತೆ ನೋಡಿದೆ, ಒಂದರಿಂದ ಏಳು.
'ಹೌದು, ನನ್ನದೇ' ಎನ್ನಲು ಅಂಕಿ ಇಲ್ಲ.

ಫೋನು ಎತ್ತಿದೆ. ಅದು ನನ್ನ ಕೆಲಸವಲ್ಲ.
ಕಾನ್ಸಾಸಿನ ಕೋರ್ಟಿನಲ್ಲಿ ಒಬ್ಬ ಮುದುಕಿ
ಕಡತ ತೆಗೆದು ಅಕ್ಷರ ಬಿಡಿಸಿ ಓದಿದಳು:
'ಕೊನೆಗೆ ಡ. ಡೇವಿಡ್‌ನ ಡ, ಎರಡೂ ತುದಿಯದು.'
ಆಮೇಲೆ ಕೇಳದೆಯೇ ಹೇಳಿದಳು:
'ಪಾಪ, ಎರಡು ವರ್ಷ ಬೀಜ ಮೊಳೆಯಲಿಲ್ಲ ಅವನದು.'
ಅದಕ್ಕೆ ಏನೆನ್ನಬೇಕೋ ತೋಚಲಿಲ್ಲ.
ಸಾಲವನ್ನು ನಾನು ಅಳಿಸಲಿಲ್ಲ,
ಮನೆಗೆ ಕಳಿಸಿದೆ, ಅಷ್ಟೆ.

ಏಳು ಒತ್ತಿದೆ.
ಕೊನೆಯ ಸಾಲನ್ನು ಮುಟ್ಟಲಿಲ್ಲ.

ಕಾಗದವಲ್ಲದ್ದನ್ನು ಕಸಕ್ಕೆ ಹಾಕಬೇಕೆಂದು ನಿಯಮ.
ನನ್ನ ಕುರ್ಚಿಯ ಸೀಳಿಗೆ ಇಟ್ಟು ನೋಡಿದೆ,
ಆ ಕೆಂಪು ತುಂಡು ಸಾಲದು.
ಆದರೂ ಜೇಬಿನಲ್ಲಿದೆ.

ಶುಕ್ರವಾರ ಮಾರ್ವೆಲಾ ಗಡಿಯಾರದ ಪಟ್ಟಿ ತಿರುಗಿಸಿ ತೋರಿಸಿದಳು:
'ಒಂದು ಕಾಗದಕ್ಕೆ ಐವತ್ತಮೂರು ನಿಮಿಷ.
ಯಂತ್ರದ ತಪ್ಪಿರಬೇಕು, ತಕರಾರು ಹಾಕಲೇ?'
ಬೇಡ, ಎಂದೆ.
ಅದು ನನ್ನದು.