ಒಂದೇ ಗೋಡೆ

ಬರ್ನ್ಲಿಯ ಅಂಗಡಿಯಲ್ಲಿ ಡೆಸ್ಮಂಡ್ ಹಾಯ್ಲ್
ಒತ್ತಡ ಎಷ್ಟೆಂದು ಕೇಳಲೇ ಇಲ್ಲ.
‘ಗಾಳಿ ಎಷ್ಟು ಹೊತ್ತು ಬೇಕು?’ ಎಂದ.
ಟೈರಿಗಾದರೆ ಒಂದು ಗುಟುಕು ಸಾಕು,
ಬಣ್ಣ ಊದುವವನಿಗೆ ದಮ್ಮು ಕಡಿಯಬಾರದು.
ಇನ್ನೂರು ಲೀಟರಿನ ಕೆಂಪು ಹೊಟ್ಟೆಯನ್ನು ತಟ್ಟಿದ:
ಢಣ್! ಖಾಲಿ ಕೊಪ್ಪರಿಗೆ.

‘ಪಕ್ಕದ ಮನೆಯಲ್ಲಿ ಯಾರು?’

ಅಲ್ಲಿ ಸಿಕ್ಕಿಬಿದ್ದೆ.
ನಮ್ಮದು ಸಾಲುಮನೆ;
ಆಚೆ ಮೊರೀನ್, ರಾತ್ರಿಪಾಳಿಯ ನರ್ಸು,
ಹಗಲೇ ಅವಳಿಗೆ ಇರುಳು.

ಕೊಂಡದ್ದು ಮೆಲುಸದ್ದಿನ ಸಣ್ಣದು, ಇಪ್ಪತ್ತನಾಲ್ಕು ಲೀಟರು.
ಹಳೇ ಸೈಕಲ್ಲಿನ ಮೈಗೆ
ಗೇಣುದ್ದ ನೀಲಿ ಹತ್ತುವಷ್ಟರಲ್ಲಿ
ಅದಕ್ಕೆ ಏದುಸಿರು.
ಮುಳ್ಳು ಮತ್ತೆ ಎಂಟಕ್ಕೇರುವ ತನಕ
ಸ್ಪ್ರೇ ಗನ್ ಹಿಡಿದು
ಸುಮ್ಮನೆ ನಿಂತಿರುತ್ತೇನೆ, ನೆಂಟರ ಮನೆಯಲ್ಲಿ
ಕಾಫಿಗೆ ಕಾದವನಂತೆ.

ಆಗ ಕೇಳುತ್ತದೆ ಗೋಡೆಯಾಚೆ,
ಎಡೆಬಿಡದೆ,
ಇನ್ನೂರು ಲೀಟರಿನ ಗೊರಕೆ.